ಲಡಾಖಿನ ಸೀ ಬಕ್‌ಥಾರ್ನ್: ಹಣ್ಣಿನಾಸೆಗೆ ಗಿಡ ಕಳ್ಕೋಬಾರದು

ಸೀ ಬಕ್‌ಥಾರ್ನ್ ಅಂತ ಯೂಟ್ಯೂಬಲ್ಲಿ ಹುಡುಕಿ ನೋಡಿ. ಬರೋದೆಲ್ಲ ಜ್ಯೂಸು, ಎಣ್ಣೆ, ಮುಖಕ್ಕೆ ಹಚ್ಚೋ ಕ್ರೀಮು. ಹಣ್ಣಿನಲ್ಲಿ ವಿಟಮಿನ್ ಸಿ ಹೇರಳವಾಗಿರೋದು ನಿಜ. ಆದರೆ ನನ್ನ ಪ್ರಕಾರ ಲಡಾಖಿನ ರೈತನಿಗೆ ಈ ಗಿಡದ ಮೊದಲ ಬೆಲೆ ಇರೋದು ಬೇರಿನಲ್ಲಿ, ಮುಳ್ಳಿನಲ್ಲಿ.

ಲೇಹ್ ಇರೋದು ಸುಮಾರು 3,500 ಮೀಟರ್ ಎತ್ತರದಲ್ಲಿ. ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲಾ ಸೇರಿ 100 ಮಿ.ಮೀ. ಆಸುಪಾಸು. ಮಣ್ಣು ಅಂದ್ರೆ ಮರಳು, ಕಲ್ಲು. ಅಂಥ ಕಡೆ ಸಿಂಧೂ, ಶ್ಯೋಕ್, ನುಬ್ರಾ ನದಿಗಳ ದಂಡೆಯಲ್ಲಿ ಈ ಮುಳ್ಳುಕಂಟಿ ತಾನಾಗೇ ಹಬ್ಬಿದೆ. ಬೇರಿನಿಂದಲೇ ಮರಿಗಿಡ ಎದ್ದು ದಂಡೆಯ ಮಣ್ಣನ್ನ ಹಿಡಿದುಕೊಳ್ಳುತ್ತೆ. ಬೇರುಗಂಟಿನಲ್ಲಿರುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನ ಗಿಡಕ್ಕೆ ಒದಗಿಸುತ್ತೆ. ನಮ್ಮ ತೊಗರಿ, ಅಲಸಂದೆಯಲ್ಲಿ ರೈಜೋಬಿಯಂ ಮಾಡೋ ಕೆಲಸಾನೇ ಇದು. ಇನ್ನು ಒಣಗಿದ ಮುಳ್ಳುಕೊಂಬೆ ಹೊಲಕ್ಕೆ ಬೇಲಿ, ಒಲೆಗೆ ಸೌದೆ.

ತೊಂದರೆ ಶುರುವಾಗೋದು ಕೊಯ್ಲಿನಲ್ಲಿ. ಹಣ್ಣು ಸಣ್ಣದು, ತೊಟ್ಟು ಗಿಡ್ಡ, ಸುತ್ತ ಮುಳ್ಳು. ಒಂದೊಂದೇ ಬಿಡಿಸಿದ್ರೆ ದಿನದ ಕೂಲಿ ಹುಟ್ಟಲ್ಲ. ಕೋಲಲ್ಲಿ ಬಡಿದು ಬಟ್ಟೆ ಮೇಲೆ ಉದುರಿಸೋರಿದ್ದಾರೆ. ಅವಸರದಲ್ಲಿ ಕೊಂಬೆಯನ್ನೇ ಕಡಿಯೋರೂ ಇದ್ದಾರೆ. ಹಣ್ಣು ಬಿಡೋದು ಹಿಂದಿನ ವರ್ಷ ಬೆಳೆದ ಕೊಂಬೆ ಮೇಲೆ. ಹಾಗಾಗಿ ಇವತ್ತು ಕಡಿದ್ರೆ ಮುಂದಿನ ಫಸಲೂ ಹೋಯ್ತು. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಪರಾಗ ಹೋಗೋದು ಗಾಳಿಯಲ್ಲಿ. ಹಣ್ಣು ಬಿಡಲ್ಲ ಅಂತ ಗಂಡು ಗಿಡ ಕಡಿದು ಸೌದೆ ಮಾಡಿದ್ರೆ ಹೆಣ್ಣು ಗಿಡವೂ ಬರಿದು.

ದುಡ್ಡಿನ ವಿಷಯಕ್ಕೆ ಬರೋಣ. ಲೇಹ್‌ನಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯವರು ಈ ಹಣ್ಣಿನ ಜ್ಯೂಸ್ ಮಾಡುವ ವಿಧಾನ ರೂಪಿಸಿದ್ರು, ಅದು ಮಾರುಕಟ್ಟೆಗೂ ಬಂತು. 2023ರಲ್ಲಿ ಲಡಾಖಿನ ಹಣ್ಣಿಗೆ ಜಿಐ ಟ್ಯಾಗ್ ಸಿಕ್ತು. ಟ್ಯಾಗ್ ಹೆಸರು ಕಾಪಾಡುತ್ತೆ, ದರ ನಿಗದಿ ಮಾಡಲ್ಲ. ಕೊಯ್ದ ಹಣ್ಣು ಬೇಗ ಕೆಡೋದ್ರಿಂದ ಬಂದ ರೇಟಿಗೆ ಕೊಡಲೇಬೇಕು. ದುಬಾರಿ ಎಣ್ಣೆ ಬರೋ ಬೀಜವೂ ಅದರ ಜೊತೆಗೇ ಹೋಗುತ್ತೆ. ಅದಕ್ಕೇ ತಿರುಳು ಹಿಂಡುವ ಯಂತ್ರ, ಶೀತಲ ಪೆಟ್ಟಿಗೆ ಊರಿನ ಮಹಿಳಾ ಸಂಘಗಳ ಕೈಗೆ ಬರಬೇಕು. ಕೊಯ್ಲಿನ ನಿಯಮವನ್ನೂ ಊರಿನವರೇ ಮಾಡ್ಕೋಬೇಕು, ಕೊಂಬೆ ಕಡಿದು ತಂದ ಹಣ್ಣನ್ನ ಸಂಘ ಕೊಳ್ಳಬಾರದು. ಇದಿಲ್ಲದೆ ಹೊಸದಾಗಿ ಸಾವಿರಾರು ಸಸಿ ನೆಟ್ಟು ಫೋಟೋ ತೆಗೆಸ್ಕೊಂಡ್ರೆ ಲಾಭ ಫೋಟೋಗ್ರಾಫರಿಗೆ ಮಾತ್ರ.

ನಮ್ಮ ಬಯಲುಸೀಮೆಗೆ ತರಬಹುದಾ ಅಂತೀರಾ? ಬೇಡ. ಅದಕ್ಕೆ ಕೊರೆಯುವ ಚಳಿಗಾಲ ಬೇಕು. ಆನ್‌ಲೈನಲ್ಲಿ ಯಾರಾದ್ರೂ ಸಸಿ ಮಾರೋಕೆ ಬಂದ್ರೆ ದುಡ್ಡು ಜೇಬಲ್ಲೇ ಇರಲಿ.