ಸೀರಿಯಲ್ಲಿನ ತಪ್ಪು ಹುಡುಕುವವರ ಪರವಾಗಿ

ಕಳೆದ ಸಂಚಿಕೆಯಲ್ಲಿ ನಮ್ಮ ಉಪನ್ಯಾಸಕರೊಬ್ಬರು ಸಮಯದ ಬೆಲೆಯ ಬಗ್ಗೆ ಬರೆಯುತ್ತಾ, ಸೀರಿಯಲ್ ನೋಡುವುದು ಒಂದು ಪಾಲು ನಷ್ಟವಾದರೆ ನೋಡಿದ ಮೇಲೆ ಅದರ ಬಗ್ಗೆ ವಾದ ಮಾಡುವುದು ಎರಡು ಪಾಲು ನಷ್ಟ ಎಂದಿದ್ದರು. ಸೂರಃ ಅಲ್-ಅಸ್ರ್‌ನಲ್ಲಿ ಅಲ್ಲಾಹನು ಕಾಲದ ಮೇಲೆ ಆಣೆ ಇಟ್ಟಿರುವುದನ್ನೂ ನೆನಪಿಸಿದ್ದರು. ಸರ್ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅವರ ಎರಡನೆಯ ಮಾತಿಗೆ ನನ್ನ ತಕರಾರಿದೆ. ನೋಡುವುದು ನಷ್ಟ ಅಂತಲೇ ಇಟ್ಟುಕೊಳ್ಳೋಣ. ನೋಡಿ ಸುಮ್ಮನೆ ಎದ್ದು ಹೋಗುವವರಿಗೆ ಆ ಅರ್ಧ ಗಂಟೆ ಪೂರ್ತಿ ಹೋಯಿತು. "ಇದು ಹೇಗೆ ಸಾಧ್ಯ?" ಎಂದು ಕೇಳಿದವರಿಗೆ ಅದರಲ್ಲಿ ಸ್ವಲ್ಪವಾದರೂ ವಾಪಸ್ ಬಂದಿರುತ್ತದೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಕೇಳುವವರು ನಾನಿಮಾ. ಅವರು ಶಾಲೆಗೆ ಹೋದದ್ದು ನಾಲ್ಕೇ ವರ್ಷ, ಅದೂ ಉರ್ದು ಶಾಲೆಗೆ. ಅಂಗಡಿ, ಬಸ್ಸು, ಆಸ್ಪತ್ರೆಗೆ ಬೇಕಾಗುವಷ್ಟು ಕನ್ನಡ ಮೊದಲಿನಿಂದ ಇತ್ತು. ಉಳಿದ ಕನ್ನಡವನ್ನೆಲ್ಲ ಕಲಿಸಿದ್ದು ಸೀರಿಯಲ್. ಒಮ್ಮೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಟೊಮೆಟೊ ತೂಕ ಕಡಿಮೆ ಬಂದಾಗ ತರಕಾರಿಯವನಿಗೆ "ಇದು ನಿಮ್ಮ ಷಡ್ಯಂತ್ರ" ಎಂದುಬಿಟ್ಟರು. ಅವನು ನಗುತ್ತಾ ಎರಡು ಟೊಮೆಟೊ ಹೆಚ್ಚು ಹಾಕಿದ.

ಸೀರಿಯಲ್ಲುಗಳು ಶುರುವಾಗುವುದು ಸಂಜೆ ಆರರ ಮೇಲೆ. ನಮ್ಮ ಮನೆಗಳಲ್ಲಿ ಅದೇ ಹೊತ್ತಿಗೆ ಮಗ್ರಿಬ್ ಅಜಾನ್, ಟಿವಿ ಆಫ್. ಆಮೇಲೆ ಇಶಾ. ಹಾಗಾಗಿ ನಾನಿಮಾ ನೋಡುವುದು ಮಧ್ಯಾಹ್ನದ ಮರುಪ್ರಸಾರ. ಲುಹರ್ ನಮಾಜ್ ಮುಗಿಸಿ, ಊಟ ಮಾಡಿ, ಎಲೆಅಡಿಕೆ ಡಬ್ಬಿ ಇಟ್ಟುಕೊಂಡು ಕೂತರೆ ಪಕ್ಕದ ಮನೆಯ ಜಯಮ್ಮ ಆಂಟಿಯೂ ಬರುತ್ತಾರೆ. ಇಬ್ಬರದೂ ಜಂಟಿ ವಿಚಾರಣೆ. ಆಂಟಿ ಹಿಂದಿನ ರಾತ್ರಿಯೇ ನೋಡಿರುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ರಮ್ಜಾನ್ ತಿಂಗಳಲ್ಲಿ ಮಾತ್ರ ನಾನಿಮಾ ಟಿವಿ ಮುಟ್ಟುವುದಿಲ್ಲ. ಈದ್ ಮುಗಿದ ಮರುದಿನ ಹಾಕಿದರೆ, ಮೂವತ್ತು ದಿನದ ಹಿಂದೆ ಮೆಟ್ಟಿಲ ಮೇಲೆ ಜಾರಿಬಿದ್ದವಳು ಇನ್ನೂ ಆಸ್ಪತ್ರೆಯಲ್ಲೇ ಇರುತ್ತಾಳೆ. ಕಥೆ ಎಳೆಯುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಈಗ ಒಂದೊಂದೇ ಕೇಸು ತೆಗೆಯುತ್ತೇನೆ.

ಜೀ ಕನ್ನಡದ 'ಪುಟ್ಟಕ್ಕನ ಮಕ್ಕಳು' ನಮ್ಮ ಮನೆಯ ಬಹುಮೆಚ್ಚಿನ ಸೀರಿಯಲ್. 2021ರ ಡಿಸೆಂಬರಿನಲ್ಲಿ ಶುರುವಾಯಿತು. ಉಮಾಶ್ರೀ ಅವರು ಗಂಡ ಬಿಟ್ಟ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. ಆ ಪಾತ್ರವನ್ನು ನೋಡಿ ಅತ್ತವರಲ್ಲಿ ನಾನೂ ಒಬ್ಬಳು, ನಾಚಿಕೆ ಏನಿಲ್ಲ. ಮಗಳು ಸ್ನೇಹಾಗೆ ಐಎಎಸ್ ಆಗುವ ಕನಸು. ನಮ್ಮ ಎಚ್‌ಇಪಿಎಸ್ ತರಗತಿಯ ಅರ್ಧ ಹುಡುಗಿಯರು ಅವಳಿಗೋಸ್ಕರ ನೋಡುತ್ತಿದ್ದರು. ಆಮೇಲೆ ಏನಾಯಿತು? ನೋಡನೋಡುತ್ತಿದ್ದಂತೆ ಅವಳು ಡಿಸಿ. ಯುಪಿಎಸ್‌ಸಿ ಅಂದರೆ ಪ್ರಿಲಿಮ್ಸ್, ಮೇನ್ಸ್, ಸಂದರ್ಶನ, ಮೂರೂ ಸೇರಿ ಹೆಚ್ಚುಕಡಿಮೆ ಒಂದು ವರ್ಷ. ಪಾಸಾದ ಮೇಲೆ ಮಸ್ಸೂರಿಯಲ್ಲಿ, ಜಿಲ್ಲೆಗಳಲ್ಲಿ ತರಬೇತಿ. ಅದಾದ ಮೇಲೆ ಉಪವಿಭಾಗಾಧಿಕಾರಿ, ಅಂದರೆ ಎಸಿ. ಜಿಲ್ಲಾ ಪಂಚಾಯತ್ ಸಿಇಒ ಇತ್ಯಾದಿ ಹುದ್ದೆಗಳನ್ನು ದಾಟಿ ಡಿಸಿ ಕುರ್ಚಿಗೆ ಬರಲು ವರ್ಷಗಳೇ ಬೇಕು. ಇದನ್ನು ನಾನು ರಾಜ್ಯಶಾಸ್ತ್ರದ ಮಿಸ್ಸನ್ನು ಕೇಳಿ ತಿಳಿದುಕೊಂಡೆ. ಕೇಳಲು ಕಾರಣ ಸೀರಿಯಲ್ಲಿನ ತಪ್ಪು. ಸರ್ ಹೇಳುವ ನಷ್ಟದ ಲೆಕ್ಕದಲ್ಲಿ ಇದನ್ನು ಯಾವ ಕಡೆ ಬರೆಯುತ್ತೀರಿ?

ನಾನಿಮಾಗೆ ಮಸ್ಸೂರಿ ಗೊತ್ತಿಲ್ಲ. ಅವರ ಪ್ರಶ್ನೆ ಬೇರೆ: "ಈ ಹುಡುಗಿ ಓದಿದ್ದು ಯಾವಾಗ?" ಸರಿಯಾದ ಪ್ರಶ್ನೆ. ನಾಯಕಿ ಅಳುವುದನ್ನು ತೋರಿಸಲು ಹತ್ತು ನಿಮಿಷ ಇದೆ, ಪುಸ್ತಕ ತೆರೆಯುವುದನ್ನು ತೋರಿಸಲು ಹತ್ತು ಸೆಕೆಂಡ್ ಇಲ್ಲ. ಎಲ್ಲ ಸೀರಿಯಲ್ಲುಗಳಲ್ಲೂ ಪರೀಕ್ಷೆ ಅನ್ನುವುದು ನಾಯಕಿಯನ್ನು ಯಾರೋ ರೂಮಿನಲ್ಲಿ ಕೂಡಿಹಾಕಲು ಸಿಗುವ ಒಂದು ಒಳ್ಳೆಯ ದಿನ, ಅಷ್ಟೇ. ಅವಳು ಕಿಟಕಿ ಒಡೆದು, ಆಟೊ ಹಿಡಿದು, ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದರೂ ಪರೀಕ್ಷಾ ಕೊಠಡಿಯೊಳಗೆ ಬಿಡುತ್ತಾರೆ. ಹಾಲ್ ಟಿಕೆಟ್ ಮರೆತರೆ ನಮ್ಮ ಗತಿ ಏನೆಂದು ನಮಗೆ ಗೊತ್ತು.

ಹೋದ ವರ್ಷ ನನ್ನ ಖಾಲಾ ಮಗಳಿಗೆ ರಿಶ್ತಾ ಬಂತು. ಅವಳು ಆಗಷ್ಟೇ ಪ್ರಥಮ ಪಿಯುಸಿ ಮುಗಿಸಿದ್ದಳು. ಹುಡುಗನ ಕಡೆಯವರು ಒಳ್ಳೆಯವರು, ಸ್ವಂತ ಮನೆ, ಎಲ್ಲರೂ ಒಪ್ಪಿದ ಹಾಗೇ ಇತ್ತು. ಮೂಲೆಯಲ್ಲಿ ಕೂತಿದ್ದ ನಾನಿಮಾ, ಸೀರಿಯಲ್ ನೋಡುವಾಗ ಕೇಳುವ ಅದೇ ದನಿಯಲ್ಲಿ, "ಪರೀಕ್ಷೆ ಯಾವಾಗ ಬರೀತಾಳೆ?" ಅಂದರು. ಯಾರೂ ಮಾತಾಡಲಿಲ್ಲ. ಮತ್ತೊಮ್ಮೆ ಕೇಳಿದರು. ಅವಳು ಈಗ ದ್ವಿತೀಯ ಪಿಯುಸಿಯಲ್ಲಿದ್ದಾಳೆ. ರಿಶ್ತಾದ ಮಾತು ಮುಂದೆ ನೋಡೋಣ ಅಂತಾಗಿದೆ. ಇದೆಲ್ಲ ಸೀರಿಯಲ್‌ನ ಉಪಕಾರ ಎಂದು ನಾನು ಹೇಳುವುದಿಲ್ಲ. ನಾಲ್ಕೇ ವರ್ಷಕ್ಕೆ ಶಾಲೆ ಬಿಡಿಸಿದ್ದು ನಾನಿಮಾಗೆ ನೆನಪಿದೆ. ಆದರೆ ಒಪ್ಪಿಕೊಂಡು ಕೂತ ಸಭೆಯಲ್ಲಿ ಎದುರು ಪ್ರಶ್ನೆ ಕೇಳುವ ಅಭ್ಯಾಸ ಅವರಿಗೆ ಮಧ್ಯಾಹ್ನಗಳಲ್ಲೇ ಆದದ್ದು ಎನ್ನುವುದನ್ನು ಕಣ್ಣಾರೆ ನೋಡಿದ್ದೇನೆ.

ಇದಕ್ಕೇ 'ಪುಟ್ಟಗೌರಿ ಮದುವೆ' ನನಗೆ ಹೆಚ್ಚು ಬೇಸರ ತರಿಸುತ್ತದೆ. 2012ರಲ್ಲಿ ಈಟಿವಿ ಕನ್ನಡದಲ್ಲಿ ಶುರುವಾದಾಗ ಅದು ಬಾಲ್ಯವಿವಾಹದ ಕಥೆ, ಹಿಂದಿಯ 'ಬಾಲಿಕಾ ವಧು' ಆಧರಿಸಿದ್ದು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಲ್ಲೇ ಬಂದಿದ್ದರೂ ಮದುವೆಗಳು ನಿಂತಿರಲಿಲ್ಲ, ಹಾಗಾಗಿ ಆ ಕಥೆಗೆ ಕೆಲಸವಿತ್ತು. ಚಾನೆಲ್ಲಿನ ಹೆಸರು ಕಲರ್ಸ್ ಕನ್ನಡ ಅಂತಾಯಿತು, ಗೌರಿ ದೊಡ್ಡವಳಾದಳು, ಕಥೆ ಮುಗಿಯಲಿಲ್ಲ. 2018ರ ಹೊತ್ತಿಗೆ ಗೌರಿ ಬೆಟ್ಟದಿಂದ ಬಿದ್ದೂ ಬದುಕಿ ಕಾಡಿನಲ್ಲಿ ಗ್ರಾಫಿಕ್ಸ್ ಹುಲಿಯ ಮುಂದೆ ನಿಂತಿದ್ದಳು. ಇಡೀ ಕರ್ನಾಟಕ ನಕ್ಕಿತು, ಟ್ರೋಲ್‌ಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ನಾನಾಗ ಪ್ರೈಮರಿಯಲ್ಲಿದ್ದೆ, ನಾನೂ ನಕ್ಕಿದ್ದೆ. ಹುಲಿ ಚೆನ್ನಾಗಿ ಕಾಣಲಿಲ್ಲ ಅನ್ನುವುದು ಸಣ್ಣ ತಪ್ಪು. ಎಳೆಯ ವಯಸ್ಸಿನಲ್ಲಿ ಮದುವೆಯಾದ ಹುಡುಗಿಯ ಕಥೆ ಎಲ್ಲಿ ಹೋಯಿತು ಎಂದು ಕೇಳಿದವರು ಕಡಿಮೆ. ನಮ್ಮ ಟೀಕೆಯಲ್ಲೂ ಲೋಪವಿದೆ ಎಂದು ಒಪ್ಪಿಕೊಳ್ಳಬೇಕು. ಕಣ್ಣಿಗೆ ಹೊಡೆಯುವ ತಪ್ಪು ನಮಗೆ ಬೇಗ ಸಿಗುತ್ತದೆ.

ತಯಾರಿಸುವವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯ. ವಾರಕ್ಕೆ ಐದು ಇಲ್ಲವೇ ಆರು ಕಂತು. ಅರ್ಧ ಗಂಟೆಯ ಜಾಗದಲ್ಲಿ ಜಾಹೀರಾತು ಕಳೆದು ಇಪ್ಪತ್ತೆರಡು ನಿಮಿಷದಷ್ಟು ಕಥೆ ಬೇಕು. ಸಿನಿಮಾದವರು ಎರಡೂವರೆ ಗಂಟೆಗೆ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ, ಇವರು ಒಂದು ವಾರದಲ್ಲಿ ಹೆಚ್ಚುಕಡಿಮೆ ಅಷ್ಟನ್ನು ಕೊಡಬೇಕು. ಗುರುವಾರ ಬಂದರೆ ಟಿಆರ್‌ಪಿ. ಅಂಕಿ ಇಳಿದರೆ ಬರೆದಿಟ್ಟ ಕಥೆ ಪಕ್ಕಕ್ಕೆ, ಹೊಸ ವಿಲನ್ ಮನೆಯೊಳಕ್ಕೆ. ಮೇಲಿಂದ ನಟರು ಬಿಟ್ಟುಹೋಗುತ್ತಾರೆ. 'ಜೊತೆ ಜೊತೆಯಲಿ'ಯಲ್ಲಿ 2022ರ ಆಗಸ್ಟಿನಲ್ಲಿ ಆರ್ಯವರ್ಧನ್ ಪಾತ್ರದ ಅನಿರುದ್ಧ ಹೊರಗೆ ಹೋದರು, ಹರೀಶ್ ರಾಜ್ ಬಂದರು. ನೋಡುಗರು ಎರಡು ಪಾರ್ಟಿಯಾಗಿ ಒಡೆದುಹೋದರು. ನಮ್ಮ ಬೀದಿಯಲ್ಲೇ ಎರಡು ಪಾರ್ಟಿ ಇತ್ತು. 'ಪುಟ್ಟಕ್ಕನ ಮಕ್ಕಳು' ಸ್ನೇಹಾ ಪಾತ್ರದ ಸಂಜನಾ ಬುರ್ಲಿ 2024ರಲ್ಲಿ ಹೊರಬಂದಾಗ ಪಾತ್ರವನ್ನೇ ಸಾಯಿಸಿದರು. ಜಯಮ್ಮ ಆಂಟಿ ಮೂರು ದಿನ ಟಿವಿ ಹಾಕಲಿಲ್ಲ. "ಐಎಎಸ್ ಮಾಡಿದ ಹುಡುಗೀನ ಸಾಯಿಸ್ತಾರೆ, ಅಳೋ ಹುಡುಗೀನ ಬದುಕಿಸ್ತಾರೆ" ಎಂಬುದು ಅವರ ಸಿಟ್ಟು. ನಟಿ ಬಿಟ್ಟರೆ ಇನ್ನೊಬ್ಬರನ್ನು ಹಾಕಬಹುದಿತ್ತು, ಇಲ್ಲವೇ ಬೇರೆ ಜಿಲ್ಲೆಗೆ ವರ್ಗ ಮಾಡಬಹುದಿತ್ತು. ಡಿಸಿಗಳಿಗೆ ವರ್ಗಾವಣೆ ಆಗುವುದು ನಮ್ಮ ರಾಜ್ಯದಲ್ಲಿ ಅಪರೂಪವೇನಲ್ಲ!

ಹಾಗಾಗಿ ನಾನು ಎರಡು ಬಗೆಯ ತಪ್ಪನ್ನು ಬೇರೆ ಮಾಡುತ್ತೇನೆ. ಬೆಳಿಗ್ಗೆ ಹಸಿರು ಬಳೆ, ಅದೇ ದೃಶ್ಯದ ಕೊನೆಗೆ ಕೆಂಪು ಬಳೆ. ಆಸ್ಪತ್ರೆಯಲ್ಲಿ ಮಲಗಿದವಳಿಗೆ ಲಿಪ್‌ಸ್ಟಿಕ್. ಒಂದು ಮಾತಿಗೆ ಆರು ಜನರ ಮುಖ, ಒಂದೊಂದು ಮುಖಕ್ಕೂ ಗುಡುಗು. ಇವನ್ನು ನಗುತ್ತಾ ಕ್ಷಮಿಸಬಹುದು, ಯಾರೋ ರಾತ್ರಿ ಹನ್ನೊಂದರವರೆಗೆ ನಿದ್ದೆಗೆಟ್ಟು ಕೆಲಸ ಮಾಡಿರುತ್ತಾರೆ. ಇನ್ನೊಂದು ಬಗೆಯದು, ನೋಡುವವರಿಗೆ ಇಷ್ಟು ಸಾಕು ಎಂದುಕೊಂಡು ಮಾಡಿದ ತಪ್ಪು. ಕೆನ್ನೆಗೆ ಹೊಡೆದ ಗಂಡ ಮುಂದಿನ ವಾರ ಹೂ ತಂದರೆ ಎಲ್ಲ ಸರಿ. ಮೋಸದಿಂದ ತಾಳಿ ಕಟ್ಟಿದರೂ ಕಟ್ಟಿದ ಮೇಲೆ ಅವನೇ ಗಂಡ. ಪೊಲೀಸ್ ಠಾಣೆ, ಕೋರ್ಟು ಈ ಊರುಗಳಲ್ಲಿ ಇಲ್ಲವೇ ಇಲ್ಲ. ಇದನ್ನು ಬಿಡಬಾರದು.

ಬೇರೆ ರೀತಿ ಮಾಡಲು ಸಾಧ್ಯವಿಲ್ಲ ಎಂದೇನೂ ಅಲ್ಲ. ಟಿ.ಎನ್. ಸೀತಾರಾಮ್ ಅವರ 'ಮುಕ್ತ'ದಲ್ಲಿ ಕೋರ್ಟ್ ದೃಶ್ಯಗಳಿಗೇ ಜನ ಕಾದು ಕೂರುತ್ತಿದ್ದರಂತೆ, ಸಿಎಸ್‌ಪಿ ಎಂಬ ವಕೀಲನ ಪಾತ್ರ ಅವರದೇ. ನಮ್ಮ ಕಾಲದಲ್ಲೇ ಬಂದ 'ಕನ್ನಡತಿ'ಯ (2020ರಿಂದ 2023) ನಾಯಕಿ ಭುವನೇಶ್ವರಿ ಕನ್ನಡ ಟೀಚರ್. ಕಂತು ಮುಗಿದ ಮೇಲೆ 'ಸರಿಗನ್ನಡಂ ಗೆಲ್ಗೆ' ಎಂದು ಒಂದು ಪದದ ಸರಿ ತಪ್ಪು ಹೇಳಿಕೊಡುತ್ತಿದ್ದರು. ನಾನಿಮಾ ಅದಕ್ಕೆ ಮಾತ್ರ ವಾಲ್ಯೂಮ್ ಜಾಸ್ತಿ ಮಾಡಿಸುತ್ತಿದ್ದರು. ನೋಡುವವರು ಕಲಿಯಬಲ್ಲರು ಎಂದು ನಂಬಿ ಮಾಡಿದ ಕೆಲಸ ಗೊತ್ತಾಗುತ್ತದೆ.

ಟೀಕೆ ಮಾಡುವ ನಮ್ಮವರಿಗೂ ಒಂದು ಮಾತು. ನಟಿಯ ಮೈಬಣ್ಣ, ದಪ್ಪ ಸಣ್ಣ, ಅವರ ಮನೆಯ ವಿಷಯ ಇವೆಲ್ಲ ಟೀಕೆಯಲ್ಲ, ಗೀಬತ್. ಹುಡುಗರ ಬೆಂಚಿನಲ್ಲಿ ನಡೆಯುವುದು ಬಹುತೇಕ ಅದೇ. ವಿಲನ್ ಪಾತ್ರ ಮಾಡಿದವರನ್ನು ರಸ್ತೆಯಲ್ಲಿ ಬಯ್ಯುವುದೂ ಅಷ್ಟೇ. ಅವರು ಬರೆದುಕೊಟ್ಟದ್ದನ್ನು ಹೇಳಿ ಸಂಬಳ ತೆಗೆದುಕೊಂಡವರು.

ಕೊನೆಗೆ, ಯಾರ ಪಟ್ಟಿಯಲ್ಲೂ ಬರದ ಒಂದು ತಪ್ಪು ಹೇಳಬೇಕು. ಸೀರಿಯಲ್ಲುಗಳಲ್ಲಿ ನಮ್ಮವರು ಇಲ್ಲವೆಂದಲ್ಲ. ಒಬ್ಬ ಚಾಚಾ ಇರುತ್ತಾನೆ. ಬಿಳಿ ಟೋಪಿ, ಕೊರಳಿಗೆ ಚೌಕಳಿ ಕರ್ಚೀಫು, ಒಡೆದ ಕನ್ನಡ. ಗ್ಯಾರೇಜಿನಲ್ಲೋ ಆಟೊದಲ್ಲೋ ಇದ್ದು ನಾಯಕಿಯನ್ನು ರೌಡಿಗಳಿಂದ ಕಾಪಾಡಿ "ನೀನು ನನ್ನ ಬೇಟಿ ಥರ" ಎಂದು ಹೇಳಿ ಮಾಯವಾಗುತ್ತಾನೆ. ಒಳ್ಳೆಯವನೇ. ಆದರೆ ಅವನಿಗೆ ಮನೆಯಿಲ್ಲ. ಹೆಂಡತಿ, ಅತ್ತೆ, ನಾದಿನಿ ಇಲ್ಲ. ಅಡುಗೆಮನೆಯಲ್ಲಿ ಜಗಳ ಇಲ್ಲ. ನಮ್ಮ ಖಾಲಾಗಳನ್ನು ನೋಡಿದವರಿಗೆ ಗೊತ್ತು, ಸಾವಿರ ಕಂತಿಗೆ ಸಾಕಾಗುವಷ್ಟು ಜಗಳ ನಮ್ಮಲ್ಲೂ ಇದೆ! ಹತ್ತು ವರ್ಷದಿಂದ ನಾನಿಮಾ ಜೊತೆ ಕೂತು ನೋಡುತ್ತಿದ್ದೇನೆ. ನಮ್ಮಂಥ ಒಂದು ಮನೆಯ ಹೊಸ್ತಿಲೊಳಗೆ ಕ್ಯಾಮೆರಾ ಬಂದದ್ದನ್ನು ನಾನು ನೋಡಿಲ್ಲ.

ಕಥೆಗಳಿಲ್ಲ ಎನ್ನುವಂತಿಲ್ಲ. ಬೊಳುವಾರು ಮಹಮ್ಮದ್ ಕುಂಞಿ ಅವರ ಕಥೆಯಿಂದ ಪಿ. ಶೇಷಾದ್ರಿ 2000ದಲ್ಲಿ 'ಮುನ್ನುಡಿ' ಸಿನಿಮಾ ಮಾಡಿದರು. ಅದೇ ಶೇಷಾದ್ರಿ ಅದಕ್ಕೂ ಮೊದಲು ದೂರದರ್ಶನದ 'ಮಾಯಾಮೃಗ' ಸೀರಿಯಲ್ಲನ್ನು ನಿರ್ದೇಶಿಸಿದ ಮೂವರಲ್ಲಿ ಒಬ್ಬರು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಗಿರೀಶ ಕಾಸರವಳ್ಳಿಯವರ ಕೈಯಲ್ಲಿ 'ಹಸೀನಾ' ಆಯಿತು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ಬಾನು ಮೇಡಂ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಪ್ರಾರ್ಥನಾ ಸಭೆಯಲ್ಲೂ ಚಪ್ಪಾಳೆ ತಟ್ಟಿದೆವು. ಲಂಡನ್ನಿನವರಿಗೆ ಅರ್ಥವಾದ ನಮ್ಮ ಅಡುಗೆಮನೆ ಜಯಮ್ಮ ಆಂಟಿಗೆ ಅರ್ಥವಾಗುವುದಿಲ್ಲವೇ? ಅವರು ದಿನವೂ ಅಲ್ಲೇ ಕೂತು ಚಹಾ ಕುಡಿಯುವವರು.

ನಾನಿಮಾಗೆ ಇದನ್ನು ಹೇಳಿದೆ. ಸ್ವಲ್ಪ ಯೋಚಿಸಿ, "ನಮ್ಮ ಮನೆ ತೋರಿಸಿದರೆ ಇವರು ಅದರಲ್ಲೂ ತಪ್ಪು ಮಾಡ್ತಾರೆ, ಆಮೇಲೆ ನಾನು ಯಾರನ್ನ ಬಯ್ಯಲಿ?" ಅಂದರು. ಆ ಬಯ್ಯುವ ಅವಕಾಶವಾದರೂ ಒಮ್ಮೆ ಸಿಗಲಿ ಎಂಬುದು ನನ್ನ ಆಸೆ.

ದ್ವಿತೀಯ ಪಿಯುಸಿ ಎಚ್‌ಇಪಿಎಸ್ ವಿಭಾಗದ ಕೊನೆಯ ಬೆಂಚಿನಲ್ಲಿ ನಮ್ಮದೊಂದು ನೋಟ್‌ಬುಕ್ ಇದೆ. ಮುಂದಿನ ಪುಟಗಳಲ್ಲಿ ಸಮಾಜಶಾಸ್ತ್ರ, ಹಿಂದಿನ ಪುಟಗಳಲ್ಲಿ ಆ ವಾರದ ಸೀರಿಯಲ್ಲುಗಳ ತಪ್ಪಿನ ಪಟ್ಟಿ. ಯಾರು ಬೇಕಾದರೂ ಬಂದು ಬರೆಯಬಹುದು, ಬಳೆ ಬಣ್ಣದ್ದನ್ನು ಬಿಟ್ಟು. ಸರ್ ಕೂಡ ಬರಬಹುದು. ಅವರ ಮನೆಯಲ್ಲಿ ರಾತ್ರಿ ಎಂಟೂವರೆಗೆ ಯಾವ ಚಾನೆಲ್ ಇರುತ್ತದೆಂದು ಅವರ ಮಗಳು ನಮಗೆ ಹೇಳಿದ್ದಾಳೆ.