ಗಾಂಧಿಕ್ಲಾಸಿನಿಂದ: ಉಕ್ಕಿನ ಭೀಮನಿಗೆ ಕನ್ನಡ ಬರೋದಿಲ್ವಾ?

ಈ ವಾರ ನಾಯಕನೂ ಇಲ್ಲ, ನಾಯಕಿಯೂ ಇಲ್ಲ. ಗಾಂಧಿನಗರದ ಗಾಳಿಸುದ್ದಿಗೂ ರಜಾ! ಈ ವಾರದ ನಮ್ಮ ಹೀರೋ ಮೂವತ್ತು ಮೀಟರ್ ಎತ್ತರದ ಉಕ್ಕಿನ ಆಸಾಮಿ. ಡೈಲಾಗ್ ಹೊಡೆಯೋದಿಲ್ಲ, ಡ್ಯುಯೆಟ್ ಹಾಡೋದಿಲ್ಲ, ಕಾಲ್‌ಷೀಟಿಗೆ ಸತಾಯಿಸೋದಿಲ್ಲ. ಇವನನ್ನು ತಂದು ಹಂಪಿ ಬಜಾರಿನಲ್ಲಿ ನಿಲ್ಲಿಸಿದರೆ ನಮ್ಮ ಉಗ್ರನರಸಿಂಹ ಅವನ ಮೊಣಕಾಲಿನ ಹತ್ತಿರಕ್ಕೆ ಬಂದಾನು. ಆದರೆ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರದ ಮುಂದೆ ಇವನ ಆಟ ನಡೆಯೋದಿಲ್ಲ. ಗೋಪುರ ಸುಮಾರು 50 ಮೀಟರ್. ಇವನು ಅದರ ಅರ್ಧ ದಾಟಿ ನಿಂತುಬಿಡುತ್ತಾನೆ, ಅಷ್ಟೆ!

ಹೆಸರು ಜೈಂಟ್ ರೋಬೋ. ಜನ್ಮಸ್ಥಳ ಜಪಾನು. ಜನಕ ಮಿತ್ಸುತೆರು ಯೋಕೋಯಾಮ ಎಂಬ ಚಿತ್ರಕಥೆಗಾರ. ತೋಯೆ ಕಂಪನಿಯವರು 1967ರ ಅಕ್ಟೋಬರಿನಿಂದ 1968ರ ಏಪ್ರಿಲ್‌ವರೆಗೆ ಟಿವಿಯಲ್ಲಿ 26 ಕಂತು ತೋರಿಸಿದರು. ಅಮೆರಿಕದವರು ಅದಕ್ಕೆ ಇಂಗ್ಲಿಷ್ ಮಾತು ಅಂಟಿಸಿ ‘ಜಾನಿ ಸೊಕ್ಕೋ ಅಂಡ್ ಹಿಸ್ ಫ್ಲೈಯಿಂಗ್ ರೋಬೋಟ್’ ಎಂದು ನಾಮಕರಣ ಮಾಡಿದರು. ಅದೇ ಸರಕು 1980ರ ದಶಕದಲ್ಲಿ ನಮ್ಮ ದೂರದರ್ಶನಕ್ಕೂ ಬಂತು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿದ ಮೇಲೆ ಸಣ್ಣ ಸಣ್ಣ ಊರುಗಳಿಗೂ ಟಿವಿ ಕಾಲಿಟ್ಟ ಕಾಲ ಅದು. ಓಣಿಗೊಂದು ಟಿವಿ, ಟಿವಿಗೊಂದು ಓಣಿ ಜನ!

ಕಂಪ್ಲಿಯಲ್ಲಿರುವ ನನ್ನ ಸೋದರಮಾವನಿಗೆ ಈಗ ಐವತ್ತು ದಾಟಿದೆ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಗಂಭೀರ ಮನುಷ್ಯ. ಆದರೆ ಈ ರೋಬೋ ಹೆಸರು ಎತ್ತಿದರೆ ಸಾಕು, ಎಡಗೈ ತಾನಾಗಿ ಬಾಯಿಯ ಹತ್ತಿರ ಹೋಗುತ್ತದೆ. ಕಥೆಯ ಗುಟ್ಟೇ ಅದು. ಹುಡುಗನ ಕೈಗಡಿಯಾರಕ್ಕೆ ಮೊದಲು ಬಿದ್ದ ದನಿ ಯಾರದೋ, ರೋಬೋ ಅವರ ಮಾತನ್ನು ಮಾತ್ರ ಕೇಳುತ್ತದೆ.

“ಮಾವ, ಆಗ ನಿಮಗೆ ಇಂಗ್ಲಿಷ್ ತಿಳೀತಿತ್ತಾ?” ಅಂದೆ.

“ಎಲ್ಲೀದು ತಿಳಿಯಾದಲೇ! ಹುಡುಗ ಗಡಿಯಾರಕ್ಕ ಬಾಯಿ ಇಟ್ಟು ಏನೋ ಅಂತಿದ್ದ, ಅದು ಹಾರಿ ಬರ್ತಿತ್ತು. ನಮಗ ಅಷ್ಟ ಸಾಕಾಗಿತ್ತು.”

ಅಷ್ಟೇ ಸಾಕಾಗಿತ್ತೇ? ಕೊನೆಯ ಕಂತನ್ನು ಮೊನ್ನೆ ಕೂತು ನೋಡಿದೆ. ಹೊಸಪೇಟೆಯ ಬಿಸಿಲು, ಫ್ಯಾನಿನ ಸದ್ದು, ಸಣ್ಣ ಪರದೆಯ ಮೊಬೈಲು... ಆದರೂ ಗಂಟಲು ಹಿಡಿಯಿತು ಸ್ವಾಮಿ. ಖಳನಾಯಕ ಗಿಲೋಟಿನ್ ಚಕ್ರವರ್ತಿಯನ್ನು ಭೂಮಿಯ ಮೇಲೆ ಕೊಂದರೆ ಭೂಮಿಯೇ ಹೋಗುತ್ತದೆ. ರೋಬೋ ಅವನನ್ನು ತಬ್ಬಿ ಹಿಡಿದು ಆಕಾಶಕ್ಕೆ ಹಾರುತ್ತಾನೆ. ಹುಡುಗ ಗಡಿಯಾರದಲ್ಲಿ ಕೂಗುತ್ತಾನೆ, ವಾಪಸ್ ಬಾ ಅಂತ. ಇಪ್ಪತ್ತೈದು ಕಂತು ಹೇಳಿದ್ದನ್ನೆಲ್ಲ ಕೇಳಿದ ಯಂತ್ರ, ಈ ಒಂದು ಮಾತನ್ನು ಮಾತ್ರ ಕೇಳೋದಿಲ್ಲ. ಹೋಗಿ ಸ್ಫೋಟವಾಗುತ್ತದೆ. ಒಡೆಯನ ಮಾತು ಮೀರಿದ ಕ್ಷಣದಲ್ಲೇ ಅದಕ್ಕೆ ಜೀವ ಬಂದದ್ದು! ಇಂಥ ಕ್ಲೈಮ್ಯಾಕ್ಸಿಗೆ ನಮ್ಮ ಎಷ್ಟು ನಿರ್ದೇಶಕರು ಎಷ್ಟು ರೀಲು ಸುಟ್ಟಿಲ್ಲ ಹೇಳಿ?

ಇನ್ನೊಂದು ಮಾತು. ಈ ರೋಬೋ ಬಿಡಿಸಿದ ಚಿತ್ರವಲ್ಲ. ಒಳಗೆ ಮನುಷ್ಯ. ಮೈತುಂಬ ವೇಷ ಕಟ್ಟಿಕೊಂಡು, ಆಟಿಕೆಯಂಥ ಊರಿನ ಮೇಲೆ ಧಪಧಪ ನಡೆಯುತ್ತಾನೆ. ನಮ್ಮ ಬಳ್ಳಾರಿ ಸೀಮೆಯವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವೇ? ಬಯಲಾಟದಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿ ರಕ್ಕಸ ಪಾತ್ರಧಾರಿ ರಂಗಕ್ಕೆ ಜಿಗಿದರೆ ಮುಂದೆ ಕೂತ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದವು. ವೇಷ ದೊಡ್ಡದಾದಷ್ಟೂ ಒಳಗಿನ ಬೆವರು ದೊಡ್ಡದು. ಜಪಾನಿನವರೂ ನಮ್ಮ ಕಂಪನಿಯವರೇ ಅನ್ನಿ!

ಇದು ಮಾವನ ಕಾಲದ ಕಥೆ. ನಮ್ಮ ಕಾಲಕ್ಕೆ ಬಂದದ್ದು ಟಿವಿ ಗೇಮಿನ ಡಬ್ಬಿ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಗಳಲ್ಲಿ ಸಿಗುತ್ತಿತ್ತಲ್ಲ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು, ಮೇಲೆ ‘9999 ಆಟಗಳು’ ಎಂಬ ಹಸಿ ಸುಳ್ಳು! ಅಸಲಿ ಆಟ ಎಣಿಸಿದರೆ ಕೆಲವೇ ಡಜನ್ನು, ಉಳಿದದ್ದೆಲ್ಲ ಅದನ್ನೇ ತಿರುಗಿಸಿ ಹಾಕಿದ್ದು. ಆ ಡಬ್ಬಿ 1983ರಲ್ಲಿ ಜಪಾನಿನ ನಿಂಟೆಂಡೋ ಕಂಪನಿ ತಂದ ಫ್ಯಾಮಿಕಾಮ್ ಯಂತ್ರದ ನಕಲು ಅಂತ ಆಗ ನಮಗೇನು ಗೊತ್ತು? ಮಾರಿಯೋ, ಕಾಂಟ್ರಾ ಎಲ್ಲರಿಗೂ ನೆನಪಿದೆ. ಆ ಪಟ್ಟಿಯ ನಡುವೆ ಎರಡು ಉಕ್ಕಿನ ಭೀಮರು ಅಡಗಿ ಕೂತಿದ್ದರು, ನೆನಪಿದೆಯೇ?

ಒಂದು ‘ಫಾರ್ಮೇಶನ್ ಝಡ್’. ಜಾಲೆಕೋ ಕಂಪನಿಯದು, 1984ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರಕ್ಕೆ, ಮರುವರ್ಷ ಮನೆಯ ಡಬ್ಬಿಗೆ. ರೋಬೋ ಬಲಕ್ಕೆ ಓಡುತ್ತದೆ, ಬೇಕೆಂದಾಗ ವಿಮಾನವಾಗುತ್ತದೆ. ಹಾರಿದರೆ ಇಂಧನ ಕರಗುತ್ತದೆ. ಸುಮ್ಮನೆ ಷೋಕಿಗೆ ಹಾರಿದಿರೋ, ಮುಂದೆ ಸಮುದ್ರ ಬಂದಾಗ ಟ್ಯಾಂಕ್ ಖಾಲಿ, ನೇರ ನೀರಿಗೆ! ಇನ್ನೊಂದು ‘ಮ್ಯಾಕ್ರಾಸ್’, 1985ರದು. 1982ರ ಜಪಾನಿ ಕಾರ್ಟೂನ್ ಧಾರಾವಾಹಿಯಿಂದ ಎತ್ತಿದ್ದು. ಇದರ ಯಂತ್ರಕ್ಕೆ ಮೂರು ಅವತಾರ: ವಿಮಾನ, ಮನುಷ್ಯ, ಎರಡರ ನಡುವೆ ಕಾಲು ಮೊಳೆತ ವಿಮಾನ. ನಮ್ಮ ನರಸಿಂಹನ ಹಾಗೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಹಳೇ ಡಬ್ಬಿ ಬಿಚ್ಚಿ ಈಗ ಮತ್ತೆ ಆಡಿ ನೋಡಿದೆ. ಚಿತ್ರ ಮೋಟು, ಸದ್ದು ಕೀರಲು. ಆದರೆ ‘ಫಾರ್ಮೇಶನ್ ಝಡ್’ ಇವತ್ತಿಗೂ ಗಟ್ಟಿ. ಯಾಕೆ ಅಂದರೆ ಅದು ಹಾರುವ ಆಸೆಯನ್ನೂ ಕೊಟ್ಟು, ಹಾರಬೇಡ ಅಂತ ಬುದ್ಧಿಯನ್ನೂ ಹೇಳುತ್ತದೆ. ನೆಲದಲ್ಲಿ ಓಡಿ ಕೂಡಿಟ್ಟವನೇ ಸಮುದ್ರ ದಾಟುವವನು. ಈ ಪಾಠ ಹೇಳೋದಕ್ಕೆ ಆ ಆಟ ಒಂದು ಅಕ್ಷರವನ್ನೂ ಬಳಸಿಲ್ಲ. ‘ಮ್ಯಾಕ್ರಾಸ್’ ಮಾತ್ರ ಬೇಗ ಬೇಜಾರು. ಅದೇ ದಾರಿ, ಅದೇ ವೈರಿ. ಧಾರಾವಾಹಿಯ ಹೆಸರು ಮಾರಿದ್ದು ಬಿಟ್ಟರೆ ಸರಕು ಕಡಿಮೆ.

ಸಂಡೂರಿನ ಗೆಳೆಯನ ಮನೆಯಲ್ಲಿ ಈ ಆಟ ಆಡುವಾಗ ಕಿಟಕಿಯಾಚೆ ಇನ್ನೊಂದು ಆಟ ನಡೆದಿತ್ತು. ಗುಡ್ಡದ ಮೇಲೆ ಹಿಟಾಚಿ! ಅದೂ ಜಪಾನಿ ಹೆಸರೇ ನೋಡಿ. ಯಾವ ಕಂಪನಿಯ ಯಂತ್ರವಾದರೂ ನಮ್ಮಲ್ಲಿ ಅದು ಹಿಟಾಚಿ. ಉದ್ದ ಕೈ, ಉಕ್ಕಿನ ಮುಷ್ಟಿ, ಎದೆಯ ಗೂಡಿನಲ್ಲಿ ಕೂತ ಒಬ್ಬ ಮನುಷ್ಯ. 1972ರ ‘ಮಜಿಂಗರ್ ಝಡ್’ ಕಾರ್ಟೂನಿನಲ್ಲಿ ಗೋ ನಾಗಾಯ್ ಎಂಬಾತ ನಾಯಕನನ್ನು ರೋಬೋದ ತಲೆಯೊಳಗೇ ಕೂರಿಸಿ ಗಾಡಿಯ ಹಾಗೆ ಓಡಿಸಿದ. ಅಲ್ಲಿವರೆಗೆ ಹೊರಗೆ ನಿಂತು ಹುಕುಂ ಮಾಡುತ್ತಿದ್ದ ಹುಡುಗ ಒಳಗೆ ಬಂದ. ನನ್ನ ಗೆಳೆಯನ ಅಣ್ಣ ಹಿಟಾಚಿ ಆಪರೇಟರ್. ನಮ್ಮ ಪಾಲಿಗೆ ಮಜಿಂಗರ್ ಹೀರೋ ಅವನೇ. ಬೂಟಿನಿಂದ ಹುಬ್ಬಿನವರೆಗೆ ಕೆಂಧೂಳು, ಕಿಸೆಯಲ್ಲಿ ಗರಿಗರಿ ನೋಟು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಲೇಬೇಕಿತ್ತು ಅನ್ನಿ, ಗುಡ್ಡ ಉಳಿಯಬೇಕಲ್ಲ. ಆದರೆ ಯಂತ್ರಗಳು ಕೈ ಎತ್ತಿದ ಹಾಗೇ ನಿಂತುಬಿಟ್ಟವು. ಅಣ್ಣ ಆರು ತಿಂಗಳು ಮನೆಯಲ್ಲಿ ಕೂತ. ಆಮೇಲೆ ಲಾರಿ, ಆಮೇಲೆ ಬೇರೆ ಊರು. ಹೋಗುವ ಮುಂಚೆ ಒಂದು ಮಾತು ಅಂದಿದ್ದ: “ಗುಡ್ಡ ತಿಂದಿದ್ದು ನನ್ನ ಹಿಟಾಚಿ ಅಲ್ಲಪ್ಪ. ಅದಕ್ಕೇನು ಗೊತ್ತು? ಎಲ್ಲಿ ಅಗಿ ಅಂದ್ರ ಅಲ್ಲಿ ಅಗಿತೈತಿ.”

ಇದೇ ಮಾತನ್ನು 1979ರಲ್ಲಿ ಯೋಶಿಯುಕಿ ತೋಮಿನೋ ‘ಗುಂಡಮ್’ ಧಾರಾವಾಹಿಯಲ್ಲಿ ಹೇಳಿದ. ಅದರಲ್ಲಿ ರೋಬೋ ದೇವರೂ ಅಲ್ಲ, ದೆವ್ವವೂ ಅಲ್ಲ. ಯುದ್ಧದ ಸಾಮಾನು. ಒಳಗೆ ಕೂತ ಹುಡುಗನಿಗೆ ಭಯ, ಸುಸ್ತು, ಸಿಟ್ಟು. ಆಗಿನ ಮಕ್ಕಳಿಗೆ ರುಚಿಸಲಿಲ್ಲ. 52 ಕಂತು ಅಂದುಕೊಂಡದ್ದು 43ಕ್ಕೇ ಮೊಟಕಾಯಿತು. ಆಮೇಲೆ ಮರುಪ್ರಸಾರ, ಸಿನಿಮಾ, ಜೋಡಿಸುವ ಗೊಂಬೆ ಅಂತ ಹಬ್ಬಿ ಜಪಾನಿನ ಮನೆಮಾತಾಯಿತು. ಫ್ಲಾಪ್ ಆದ ಚಿತ್ರ ಎರಡನೇ ಓಟದಲ್ಲಿ ಬೆಳ್ಳಿಹಬ್ಬ ಮಾಡಿದ ಹಾಗೆ!

ಸರಿ, ಈಗ ವಿಷಯಕ್ಕೆ ಬರೋಣ. ಮಾವ ರೋಬೋ ನೋಡಿದ್ದು ಇಂಗ್ಲಿಷಿನಲ್ಲಿ. ನಾವು ಕಾರ್ಟೂನು ನೋಡಿದ್ದು ಹಿಂದಿಯಲ್ಲಿ. ಆಂಧ್ರ ಕ್ಯಾಂಪಿನ ಗೆಳೆಯರ ಮನೆಗೆ ಹೋದರೆ ತೆಲುಗಿನಲ್ಲಿ. ಕನ್ನಡದಲ್ಲಿ ಯಾಕಿಲ್ಲ?

ಕಾರಣ ನಿಮಗೆ ಗೊತ್ತಿದ್ದದ್ದೇ. 1960ರ ದಶಕದಲ್ಲಿ ಡಬ್ಬಿಂಗ್ ಬೇಡ ಅಂತ ಹೋರಾಟ ನಡೆಯಿತು. ಅನಕೃ ಮುಂದೆ ನಿಂತರು. ಅಣ್ಣಾವ್ರು ದನಿಗೂಡಿಸಿದರು. ಆಗ ಅದು ನ್ಯಾಯವೇ. ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರ ಬರುತ್ತಿದ್ದ ಕಾಲ; ಮಾತು ಅಂಟಿಸಿದ ಚಿತ್ರಗಳಿಗೆ ಬಾಗಿಲು ತೆರೆದಿದ್ದರೆ ನಮ್ಮ ಕಲಾವಿದರ ಒಲೆ ಆರುತ್ತಿತ್ತು. ಆ ಕೋಟೆ ಕಟ್ಟಿದವರಿಗೆ ಕೈ ಮುಗಿಯೋಣ. ಆದರೆ ಕೋಟೆಯೊಳಗೆ ಮಕ್ಕಳೂ ಸಿಕ್ಕಿಬಿದ್ದರಲ್ಲ! 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನು ಕನ್ನಡ ಮಾತಾಡಿತು. ಅಷ್ಟರಲ್ಲಿ ನಮಗೆ ಮೀಸೆ ಚಿಗುರುತ್ತಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ತೀರ್ಪು ಕೊಟ್ಟಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂತು. 2018ರಲ್ಲಿ ನಮ್ಮ ‘ಕೆಜಿಎಫ್’ ರಾಕಿ ಹಿಂದಿ, ತೆಲುಗು ಎಲ್ಲ ಮಾತಾಡಿ ಬಂದ. 2021ರಲ್ಲಿ ‘ಪುಷ್ಪ’ ಕನ್ನಡ ಕಲಿತ. ದೊಡ್ಡವರ ಕೋಟೆಬಾಗಿಲು ತೆರೆಯಿತು.

ಮಕ್ಕಳದ್ದು? ಕೇಳಿ. ಯೂಗೋ ಸಾಕೋ ಎಂಬ ಜಪಾನಿ, ನಮ್ಮ ರಾಮ್ ಮೋಹನ್ ಜತೆ ಸೇರಿ 1992ರಲ್ಲಿ ರಾಮಾಯಣವನ್ನು ಕಾರ್ಟೂನ್ ಚಿತ್ರ ಮಾಡಿದ. ಕುಂಭಕರ್ಣ ರಣಕ್ಕೆ ಬರುವ ದೃಶ್ಯ ನೋಡಬೇಕು, ಯಾವ ರೋಬೋಗೂ ಕಡಿಮೆ ಇಲ್ಲ! 2025ರ ಜನವರಿ 24ರಂದು ಅದು ನಮ್ಮ ಥಿಯೇಟರುಗಳಿಗೆ ಬಂತು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕನ್ನಡ ಇಲ್ಲ. ಅದೇ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಬಂದಾಗಲೂ ಕನ್ನಡ ಇಲ್ಲ. ಹಂಪಿಯಿಂದ ಹೊಳೆ ದಾಟಿದರೆ ಆನೆಗೊಂದಿ. ಕಿಷ್ಕಿಂಧೆ ಇದೇ ಅಂತ ನಮ್ಮ ಹಿರಿಯರು ನಂಬಿದ್ದಾರೆ. ಆಂಜನೇಯನ ಊರಿನ ಮಕ್ಕಳು ಆಂಜನೇಯನ ಮಾತನ್ನು ಪಕ್ಕದ ಮನೆ ಭಾಷೆಯಲ್ಲಿ ಕೇಳಬೇಕೇ?

‘ಕಾರ್ಟೂನು ನೋಡೋಕೆ ಭಾಷೆ ಯಾಕಪ್ಪ, ನಿಮ್ಮ ಮಾವನೇ ಅಷ್ಟೇ ಸಾಕು ಅಂದನಲ್ಲ’ ಎಂದು ನೀವು ಕೇಳಬಹುದು. ಹೌದು, ಹಾರೋದು ತಿಳಿಯುತ್ತದೆ, ಹೊಡೆಯೋದು ತಿಳಿಯುತ್ತದೆ. ಆದರೆ ಕೊನೆಯಲ್ಲಿ ರೋಬೋ ಮೀರಿದ ಆ ಒಂದು ಮಾತು? ಅದು ಮಾವನಿಗೆ ತಿಳಿದದ್ದು ಮೊನ್ನೆ ನಾನು ಹೇಳಿದ ಮೇಲೆ. “ಅದು ಅವನ ಮಾತು ಕೇಳದಂಗ ಹೋತಾ?” ಅಂದರು. ಆಮೇಲೆ ಸುಮ್ಮನಾದರು. ನಲವತ್ತು ವರ್ಷ ತಡವಾಗಿ ಮುಗಿದ ಸಿನಿಮಾ ಅದು!

ಕಲಾವಿದರ ಕೆಲಸ ಹೋಗುತ್ತದೆ ಎಂಬ ಮಾತು ಇಲ್ಲಿ ನಿಲ್ಲೋದಿಲ್ಲ. ಉಕ್ಕಿನ ಭೀಮನಿಗೆ ಕನ್ನಡದಲ್ಲಿ ಪ್ರತಿಸ್ಪರ್ಧಿ ಯಾರಿದ್ದಾರೆ? ಬದಲಿಗೆ ಕಂಠದಾನ ಕಲಾವಿದರಿಗೆ ಕೆಲಸ ಸಿಗುತ್ತದೆ. ಗೊಂಬೆಗೆ ಬಾಯಿ ಕೊಡೋದು ನಮಗೆ ಹೊಸದೇ? ಈ ಸೀಮೆಯ ಕಿಳ್ಳೇಕ್ಯಾತರು ದೀಪದ ಮುಂದೆ ತೊಗಲುಗೊಂಬೆ ಹಿಡಿದು, ರಾಮನಿಗೂ ರಾವಣನಿಗೂ ತಾವೇ ದನಿಯಾಗಿ ಇಡೀ ರಾತ್ರಿ ರಾಮಾಯಣ ನಡೆಸಿದವರು. ಯಂತ್ರಮಾನವ ನಮಗೆ ಹೊಸಬನೇ? ತಮಿಳಿನ ‘ಎಂದಿರನ್’ 2010ರಲ್ಲಿ ಬಂತು. ಅದಕ್ಕೆ ಎಂಟು ವರ್ಷ ಮುಂಚೆಯೇ ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ನಲ್ಲಿ ಉಪೇಂದ್ರ ಯಂತ್ರಮಾನವನಾಗಿ ಮಿಂಚಿದ್ದರು!

ಆದ್ದರಿಂದ ಅಭಿಮಾನಿ ಬಂಧುಗಳೇ, ಕಟೌಟಿಗೆ ಹಾಲು ಹೊಯ್ಯುವ ಕೈಯಲ್ಲೇ ಒಂದು ಕೆಲಸ ಮಾಡಿ. ಮುಂದಿನ ಸಲ ಇಂಥ ಚಿತ್ರ ನಿಮ್ಮೂರಿಗೆ ಬಂದಾಗ ಟಿಕೇಟು ಕೌಂಟರಿನಲ್ಲಿ ಗಟ್ಟಿಯಾಗಿ ಕೇಳಿ: ‘ಕನ್ನಡದ್ದು ಐತಾ?’ ಇಲ್ಲ ಅಂದರೆ ನಾಳೆ ಮತ್ತೆ ಹೋಗಿ ಕೇಳಿ. ಆ ಗಡಿಯಾರದ ನಿಯಮ ನೆನಪಿದೆಯಲ್ಲ? ಮೊದಲು ಯಾರ ದನಿ ಬಿತ್ತೋ, ಯಂತ್ರ ಅವರದ್ದು. ನಮ್ಮ ಮಕ್ಕಳ ಕಿವಿಗೆ ಮೊದಲು ಯಾರ ದನಿ ಬೀಳಬೇಕು, ನೀವೇ ಹೇಳಿ!