ಮೇನ್ ಸ್ವಿಚ್ ಎಲ್ಲಿದೆ, ಗೊತ್ತೆ?

ನಿಮ್ಮ ಮನೆಯ ಸಾಸಿವೆ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತೀರಿ. ಯಜಮಾನರ ಕನ್ನಡಕ, ಮಗನ ಅಂಕಪಟ್ಟಿ, ಹತ್ತು ವರ್ಷದ ಹಿಂದಿನ ಕಂದಾಯದ ರಸೀದಿ, ಎಲ್ಲದರ ಜಾಗವೂ ನಿಮಗೆ ಗೊತ್ತು. ಈಗ ಹೇಳಿ, ಮನೆಯ ಮೇನ್ ಸ್ವಿಚ್ ಎಲ್ಲಿದೆ? ಅದರ ಹಿಡಿಯನ್ನು ಯಾವ ಕಡೆಗೆ ಎಳೆದರೆ ಕರೆಂಟು ಹೋಗುತ್ತದೆ? ತಡವರಿಸಿದಿರಾದರೆ ಬೇಸರಪಡಬೇಡಿ. ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಮೇಲೂ ನನಗೆ ಗೊತ್ತಿರಲಿಲ್ಲ. ಆ ಅಜ್ಞಾನ ಎಷ್ಟು ದುಬಾರಿ ಎಂಬುದು ತಿಳಿದದ್ದು 2014ರ ಬೇಸಿಗೆ ರಜೆಯಲ್ಲಿ.

ನಮ್ಮದು ಮಲೆನಾಡಿನ ಕಡೆಯ ಹಳೆಯ ಹಂಚಿನ ಮನೆ, ಮರದ ಹಲಗೆಯ ಅಟ್ಟ. ಹುಣಸೆಹಣ್ಣಿನ ಮಡಕೆ, ಗೋಣಿಚೀಲ, ಹಳೆಯ ತೊಟ್ಟಿಲು, ಅತ್ತೆಯವರ ಕಾಲದ ಹಂಡೆ ಎಲ್ಲವೂ ಅಲ್ಲಿಯೇ. ಆ ವರ್ಷ ಮಗ ಎಸ್ಸೆಸ್ಸೆಲ್ಸಿ ಮುಗಿಸಿದ್ದ. ಅಟ್ಟವನ್ನು ಅವನಿಗೆ ಓದುವ ಕೋಣೆ ಮಾಡಲು ನಮ್ಮ ಮನೆಯವರು ಹೊರಟರು. ಬಡಗಿಯನ್ನು ಕರೆಯದೆ ತಾವೇ ಹಲಗೆ ಕುಯ್ದು ಪುಸ್ತಕದ ಕಪಾಟು ಮಾಡಿದರು, ಏಣಿಯನ್ನು ಭದ್ರಪಡಿಸಿದರು, ನಾಲ್ಕು ಹಂಚು ತೆಗೆದು ಗಾಜಿನ ಹಂಚು ಕೂಡಿಸಿ ಬೆಳಕು ತಂದರು. ಅಲ್ಲಿಯವರೆಗೆ ನನಗೂ ಹೆಮ್ಮೆಯೇ. ಬಂದ ನೆಂಟರನ್ನೆಲ್ಲ ಏಣಿ ಹತ್ತಿಸಿ ತೋರಿಸಿದೆ.

ಆಮೇಲೆ ಕರೆಂಟಿಗೆ ಕೈಹಾಕಿದರು. ನಡುಮನೆಯ ದೀಪದ ಪಾಯಿಂಟಿನಿಂದ ತೆಳ್ಳನೆಯ ಜೋಡಿ ವೈರು ಎಳೆದರು. ಸಾಲದಿದ್ದಲ್ಲಿ ಇನ್ನೊಂದು ತುಂಡು ತಿರುಚಿ ಟೇಪು ಸುತ್ತಿ, ಆ ಗಂಟು ಕಣ್ಣಿಗೆ ಬೀಳದಂತೆ ಗೋಣಿಚೀಲಗಳ ಅಡಿಗೆ ತೂರಿಸಿದರು. ಅದಕ್ಕೆ ಒಂದು ಟ್ಯೂಬ್‌ಲೈಟು, ಒಂದು ಫ್ಯಾನು, ಒಂದು ಪ್ಲಗ್ ಪಾಯಿಂಟು.

"ವೈರ್‌ಮನ್ನನ್ನ ಕರೆಸೋಣವೇನ್ರೀ?" ಎಂದೆ.

"ಎರಡು ವೈರು ಸೇರಿಸೋಕೆ ಅವನ್ಯಾಕೆ? ನಿಂಗಿದೆಲ್ಲ ಅರ್ಥ ಆಗಲ್ಲ, ಬಿಡು" ಎಂದರು.

ಬಿಟ್ಟೆ. ನನ್ನ ತಪ್ಪು ಶುರುವಾದದ್ದು ಅಲ್ಲಿಂದ.

ಪ್ಲಗ್ಗಿದ್ದ ಮೇಲೆ ಇಸ್ತ್ರಿಪೆಟ್ಟಿಗೆಯೂ ಅಟ್ಟ ಹತ್ತಿತು. ಎರಡು ಸಲ ಫ್ಯೂಸ್ ಹೋಯಿತು. ಮೂರನೆಯ ಸಲ ಇವರು ದಪ್ಪ ತಾಮ್ರದ ಎಳೆಗಳನ್ನು ಹೊಸೆದು ಫ್ಯೂಸಿಗೆ ಕಟ್ಟಿ, "ಇನ್ನು ಹೋಗಲ್ಲ ನೋಡು" ಎಂದರು. ನಿಜ, ಹೋಗಲಿಲ್ಲ. ಒಂದು ಸಂಜೆ ಇವರು ಪೇಟೆಗೆ ಹೋಗಿದ್ದಾಗ ರಬ್ಬರು ಸುಟ್ಟ ವಾಸನೆ ಬಂತು. ನೋಡುತ್ತೇನೆ, ಅಟ್ಟದಿಂದ ಹೊಗೆ. ಕೈಗೆ ಸಿಕ್ಕ ಬಕೆಟ್ ನೀರು ಎತ್ತಿಕೊಂಡು ಓಡಿದೆ. ಏಣಿ ಇಳಿದು ಬಂದ ಮಗ, "ನೀರು ಹಾಕಬೇಡಮ್ಮಾ, ಮೊದಲು ಕರೆಂಟು ತೆಗಿ" ಎಂದು ಕೂಗಿದ. ಜಗಲಿಗೆ ಓಡಿದೆ. ಮೇನ್ ಸ್ವಿಚ್ ಎತ್ತರದಲ್ಲಿ, ಕ್ಯಾಲೆಂಡರು, ಕೊಡೆಗಳ ಹಿಂದೆ. ಮದುವೆಯಾಗಿ ಬಂದಂದಿನಿಂದ ಒಮ್ಮೆಯೂ ನಾನದನ್ನು ಮುಟ್ಟಿದವಳಲ್ಲ. ಮಗನಿಗೂ ತಿಳಿಯದು. ಕೊನೆಗೆ ಪಕ್ಕದ ಮನೆಯ ಹುಡುಗ, ನನ್ನದೇ ಒಂಬತ್ತನೆಯ ತರಗತಿಯವನು, ಓಡಿಬಂದು ಸ್ಟೂಲು ಹತ್ತಿ ಹಿಡಿಯನ್ನು ಕೆಳಗೆಳೆದ. ಎರಡು ಗೋಣಿಚೀಲ ಸುಟ್ಟವು. ಹಲಗೆಯ ಮೇಲೆ ಅಂಗೈಯಗಲ ಕರಿ ಕಲೆ ಉಳಿಯಿತು. ಇನ್ನೂ ಇದೆ. ಅದರ ಮೇಲೆ ಬಣ್ಣ ಬಳಿಯಲು ನಾನು ಬಿಟ್ಟಿಲ್ಲ.

"ನಿಂಗೆ ಹೇಗೋ ಗೊತ್ತಿತ್ತು?" ಎಂದು ಆ ಹುಡುಗನನ್ನು ಕೇಳಿದೆ. "ಅಪ್ಪ ತೋರಿಸಿಕೊಟ್ಟಿದ್ರು ಟೀಚರ್" ಎಂದ. ಅವನ ಅಕ್ಕ ಡಿಗ್ರಿ ಓದುತ್ತಿದ್ದಳು. ಅವಳಿಗೆ ಯಾರೂ ತೋರಿಸಿರಲಿಲ್ಲ.

ನಾನು ಬಿ.ಎ., ಬಿ.ಎಡ್. ಓದಿದವಳು. ವಿದ್ಯುತ್ತಿನ ವಿಷಯವನ್ನು ಶಾಲೆಯ ವಿಜ್ಞಾನದ ಮೇಷ್ಟರ ಹತ್ತಿರ ಕೇಳಿಕೊಂಡೆ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಕರೆಂಟು ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ಸಡಿಲವಾಗಿ ತಿರುಚಿದ ಗಂಟಿನಲ್ಲಿ ಇನ್ನೂ ಹೆಚ್ಚು. ಫ್ಯೂಸಿನ ಎಳೆಯನ್ನು ಬೇಕೆಂದೇ ತೆಳ್ಳಗೆ ಮಾಡಿರುತ್ತಾರೆ. ಗೋಡೆಯ ವೈರು ಕಾದು ಕೆಂಪಾಗುವ ಮೊದಲು ತಾನು ಕರಗಿ ಮನೆ ಉಳಿಸಲಿ ಎಂದು. ನಾವು ಮಾಡಿದ್ದೇನು? ಎರಡು ಸಲ ಕೂಗಿ ಎಚ್ಚರಿಸಿದ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದೆವು.

ತಾವೇ ಕೈಯಾರೆ ಕೆಲಸ ಮಾಡುವ ಗಂಡಸರ ಮೇಲೆ ನನಗೆ ಸಿಟ್ಟಿಲ್ಲ. ಕಪಾಟು ಮಾಡಲಿ, ಸುಣ್ಣ ಬಳಿಯಲಿ, ಹಂಚು ಕೈಯಾಡಲಿ. ಆದರೆ ಎಲ್ಲಿಗೆ ನಿಲ್ಲಿಸಬೇಕೆಂಬುದು ತಿಳಿದಿರಬೇಕು. ಆ ಗೆರೆಯನ್ನು ಕಾನೂನೇ ಎಳೆದಿದೆ. 1956ರ ವಿದ್ಯುಚ್ಛಕ್ತಿ ನಿಯಮಗಳಲ್ಲೂ ಆಮೇಲೆ ಬಂದ 2010ರ ನಿಯಮಗಳಲ್ಲೂ ಮಾತು ಒಂದೇ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಇದ್ದದ್ದರ ಜಾಗಕ್ಕೆ ಅಂಥದ್ದೇ ಇನ್ನೊಂದನ್ನು ಹಾಕಬಹುದು. ಹೊಸ ವೈರಿಂಗು, ಇದ್ದ ವೈರಿಂಗಿನ ಬದಲಾವಣೆ ಮಾತ್ರ ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ. ಬಲ್ಬು, ಫ್ಯೂಸು ಬದಲಿಸುವುದು ಗಂಡಸರಿಗೆ ಮಾತ್ರ ಎಂದು ಆ ನಿಯಮದಲ್ಲಿ ಎಲ್ಲೂ ಬರೆದಿಲ್ಲ, ಗಮನಿಸಿ.

"ವೈರ್‌ಮನ್ ಕರೆದರೆ ಬರುವುದಿಲ್ಲ, ಬಂದರೆ ಬಾಯಿಗೆ ಬಂದಷ್ಟು ಕೇಳುತ್ತಾನೆ" ಎನ್ನುತ್ತಾರೆ. ಹೌದು, ನಾವೂ ಆಮೇಲೆ ವಾರಗಟ್ಟಲೆ ಕಾದೆವು. ಅಟ್ಟಕ್ಕೆ ಪೈಪಿನೊಳಗೆ ಬೇರೆಯೇ ಲೈನು ಎಳೆಸಿದೆವು. ಗೃಹಪ್ರವೇಶಕ್ಕೆ ಬಂದವರು ಹೊಗಳಲಿ ಎಂದು ಗ್ರಾನೈಟಿಗೆ ಲಕ್ಷ ಸುರಿಯುವವರು ಅರ್ಥಿಂಗಿಗೆ ಬಂದಾಗ ಮಾತ್ರ ಚೌಕಾಸಿಗೆ ಕೂರುವುದನ್ನು ನೋಡಿದ್ದೇನೆ. ಅರ್ಥಿಂಗನ್ನು ಹೊಗಳುವವರು ಯಾರೂ ಇಲ್ಲವಲ್ಲ! "ಇಷ್ಟು ವರ್ಷ ಏನೂ ಆಗಿಲ್ಲ" ಎಂಬುದು ಇನ್ನೊಂದು ವಾದ. ನಮ್ಮ ಮನೆಯಲ್ಲೂ ಆ ಸಂಜೆಯವರೆಗೆ ಏನೂ ಆಗಿರಲಿಲ್ಲ.

ಇನ್ನು ನಮ್ಮ ಪಾಲಿನ ತಪ್ಪಿಗೆ ಬರೋಣ. "ಗ್ರೈಂಡರ್ ಸ್ವಲ್ಪ ಜುಮ್ ಅನ್ನತ್ತೆ, ಮಣೆ ಮೇಲೆ ನಿಂತ್ಕೊಂಡು ರುಬ್ಬು" ಎಂಬ ಮಾತನ್ನು ಎಷ್ಟು ಅಡುಗೆಮನೆಗಳಲ್ಲಿ ಕೇಳಿದ್ದೇನೆ! ಸೊಸೆಗೆ ಸಾರಿನ ಪುಡಿಯ ಹದ ಹೇಳಿಕೊಟ್ಟಷ್ಟೇ ಸಹಜವಾಗಿ ಶಾಕಿನ ಹದವನ್ನೂ ಹೇಳಿಕೊಡುತ್ತೇವೆ. ಜುಮ್ ಎನ್ನುವುದು ಗ್ರೈಂಡರಿನ ಸ್ವಭಾವವಲ್ಲ, ಒಳಗೆಲ್ಲೋ ಕರೆಂಟು ಸೋರುತ್ತಿದೆ ಎಂಬ ದೂರು. ಪ್ಲಗ್ಗಿನ ಮೂರನೆಯ ಕಡ್ಡಿ ದಪ್ಪಗೆ, ಉದ್ದಕ್ಕೆ ಇರುವುದೇಕೆ? ಒಳಗೆ ಮೊದಲು ಸೇರಿ, ಹೊರಗೆ ಕೊನೆಗೆ ಬರಲಿ ಎಂದು. ಸೋರಿದ ಕರೆಂಟನ್ನು ನಮ್ಮ ಮೈಯಿಂದ ತಪ್ಪಿಸಿ ನೆಲಕ್ಕೆ ಇಳಿಸುವುದು ಅದೇ. ಎರಡು ತೂತಿನ ಪ್ಲಗ್ಗಿಗೆ ಹಿಡಿಸುವುದಿಲ್ಲವೆಂದು ಆ ಕಡ್ಡಿಯನ್ನೇ ಮುರಿದು ಹಾಕುವ ಜಾಣರು ಮನೆಮನೆಗೂ ಇದ್ದಾರೆ. ಅವರು ಮುರಿಯುತ್ತಾರೆ, ಒದ್ದೆ ಕೈಯಲ್ಲಿ ಮುಟ್ಟುವವರು ನಾವು. ಗ್ರೈಂಡರು, ವಾಷಿಂಗ್ ಮೆಷೀನು, ನೀರೆತ್ತುವ ಮೋಟರು, ಎಲ್ಲದರ ಹತ್ತಿರವೂ ನಾವೇ. "ಇದೆಲ್ಲ ಅರ್ಥ ಆಗಲ್ಲ" ಅನ್ನಿಸಿಕೊಳ್ಳುವವರೂ ನಾವೇ.

ಈಗಿನ ಮನೆಗಳಲ್ಲಿ ಫ್ಯೂಸಿನ ಜಾಗಕ್ಕೆ ಎಂಸಿಬಿ ಬಂದಿದೆ. ಅದು ಕಾಯುವುದು ವೈರನ್ನು. ಮನುಷ್ಯರನ್ನು ಕಾಯುವುದಕ್ಕೆ ಆರ್‌ಸಿಸಿಬಿ ಎಂಬುದೇ ಬೇರೆ ಇದೆ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ಅದು ಲೆಕ್ಕ ತಾಳೆ ನೋಡುತ್ತದೆ. ಮನೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಅಷ್ಟು ವ್ಯತ್ಯಾಸ ಕಂಡರೆ ಕ್ಷಣದೊಳಗೆ ತಾನೇ ಕಡಿದುಬಿಡುತ್ತದೆ. ಅದರ ಮೇಲೆ 'ಟೆಸ್ಟ್' ಎಂಬ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಕರೆಂಟು ಹೋಗದಿದ್ದರೆ ಅದು ಕೆಟ್ಟಿದೆ ಎಂದು ತಿಳಿಯಿರಿ. ಅಮಾವಾಸ್ಯೆ, ಹುಣ್ಣಿಮೆ ನೆನಪಿಡುವ ನಮಗೆ ಇದೇನು ಕಷ್ಟ?

ಗ್ಯಾಸ್ ಬಂದ ಹೊಸದರಲ್ಲಿ ಸಿಲಿಂಡರಿಗೂ ಹೆದರುತ್ತಿದ್ದೆವು. ಇವತ್ತು ಓದು ಬಾರದ ಅಜ್ಜಿಯೂ ಮಲಗುವ ಮೊದಲು ರೆಗ್ಯುಲೇಟರ್ ಆಫ್ ಮಾಡುತ್ತಾಳೆ. ಕಲಿಯಲೇಬೇಕಾಯಿತು, ಕಲಿತೆವು. ಕರೆಂಟಿನ ವಿಷಯದಲ್ಲಿ ಮಾತ್ರ ಗೊತ್ತಿಲ್ಲದಿರುವುದನ್ನೇ ಹೆಂಗಸಿನ ಲಕ್ಷಣವೆಂದು ಒಪ್ಪಿಕೊಂಡು ಕುಳಿತಿದ್ದೇವೆ. ಯಾರೂ ತೋರಿಸಲಿಲ್ಲ ಎಂಬುದು ಎಷ್ಟು ನಿಜವೋ, ನಾವು ಕೇಳಲಿಲ್ಲ ಎಂಬುದೂ ಅಷ್ಟೇ ನಿಜ.

ನಮ್ಮ ಜಗಲಿಯಲ್ಲಿ ಈಗ ಕ್ಯಾಲೆಂಡರು, ಕೊಡೆ ಬೇರೆ ಗೋಡೆಗೆ ಹೋಗಿವೆ. ಮೇನ್ ಸ್ವಿಚ್ ಕೈಗೆಟಕುವ ಎತ್ತರಕ್ಕೆ ಇಳಿದಿದೆ. ಇಳಿಸಬೇಕೆಂದು ಹಟ ಹಿಡಿದವಳು ನಾನು. ನಿಮ್ಮ ಮನೆಯಲ್ಲಿ ಅದು ಎಲ್ಲಿದೆಯೋ, ಅದರ ಮುಂದೆ ಏನೇನು ನೇತುಹಾಕಿದ್ದೀರೋ, ಈ ಪುಟ ಮಡಚಿಟ್ಟು ಈಗಲೇ ಎದ್ದು ನೋಡಿ ಬನ್ನಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ.